ಭಾನುವಾರದ ಬೀಫ್ ಮತ್ತು ವತ್ಸಲಾ ಅವರ ಮನೆ

ಸಿಂಗಪುರಕ್ಕೆ ಬಂದ ಮೊದಲ ವಾರ, ಸೂಪರ್‌ಮಾರ್ಕೆಟ್ಟಿನಲ್ಲಿ ಹಾಲು ಹುಡುಕುತ್ತಾ ಹೋದವಳು ಬೀಫ್ ಎದುರು ನಿಂತುಬಿಟ್ಟೆ. ಬಿಳಿ ತಟ್ಟೆಗಳಲ್ಲಿ, ತೆಳು ಪ್ಲಾಸ್ಟಿಕ್ಕಿನ ಹೊದಿಕೆಯಡಿ, ಒಳ್ಳೆ ಬೆಳಕಿನಲ್ಲಿ ಸಾಲಾಗಿ ಇಟ್ಟಿದ್ದರು. ಯಾವ ದೇಶದ್ದು, ದನದ ಯಾವ ಭಾಗದ್ದು ಎಂದು ಮೇಲೆ ಅಚ್ಚು ಹಾಕಿತ್ತು. ಆಫೀಸಿನಿಂದ ಬಂದಂತಿದ್ದ ಹುಡುಗಿಯೊಬ್ಬಳು ಫೋನಿನಲ್ಲಿ ಮಾತಾಡುತ್ತಲೇ ಒಂದು ತಟ್ಟೆ ಎತ್ತಿ, ಮೊಸರಿನ ಡಬ್ಬಿಯ ಪಕ್ಕಕ್ಕೆ ಹಾಕಿಕೊಂಡು ಹೋದಳು. ಯಾರೂ ಅವಳತ್ತ ನೋಡಲಿಲ್ಲ, ನನ್ನನ್ನು ಬಿಟ್ಟು.

ನಾನೂ ಒಂದನ್ನು ತೆಗೆದುಕೊಂಡೆ. ಬುಟ್ಟಿಯಲ್ಲಿ ಮಗುಚಿ ಇಟ್ಟು ಮೇಲೆ ಒಂದು ಕಟ್ಟು ಸೊಪ್ಪು ಮುಚ್ಚಿದೆ. ಬಿಲ್ ಮಾಡುವ ಹೆಂಗಸು ಸೊಪ್ಪು ನಜ್ಜಾಗಬಾರದೆಂದು ಅದನ್ನು ಬೇರೆ ಚೀಲಕ್ಕೆ ಹಾಕಿದಳು. ಮಾಂಸದ ತಟ್ಟೆಯನ್ನು ನೇರ ಮಾಡಿ, ಹೆಸರು ಕಾಣುವ ಹಾಗೆ ನನ್ನ ಕೈಗೆ ಕೊಟ್ಟಳು. ತಾತ್ಕಾಲಿಕವಾಗಿ ಉಳಿದಿದ್ದ ಮನೆ ತಲುಪುವವರೆಗೂ ಬೆನ್ನ ಮೇಲೆ ಯಾರದೋ ಕಣ್ಣಿದೆ ಎನಿಸುತ್ತಿತ್ತು.

ನಾವು ಕನಕಪುರದ ಕಡೆಯ ಕನ್ನಡ ಕ್ರೈಸ್ತರು. ನಾನು ಬೆಳೆದದ್ದು ಬೆಂಗಳೂರಿನಲ್ಲಿ. ಭಾನುವಾರ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಬರುವಾಗ ಅಪ್ಪ ದೊಡ್ಡ ಮಾಂಸ ತರುತ್ತಿದ್ದರು. ನ್ಯೂಸ್‌ಪೇಪರಿನಲ್ಲಿ ಸುತ್ತಿ, ಬಟ್ಟೆಯ ಚೀಲಕ್ಕೆ ಹಾಕಿ, ಮೇಲೊಂದು ಪಡವಲಕಾಯಿ ಇಟ್ಟುಕೊಂಡು ಬರುವರು. ಬೀದಿಯಲ್ಲಿ ಯಾರಾದರೂ ಏನು ಅಡುಗೆ ಎಂದರೆ ಮಟನ್ ಎನ್ನಬೇಕು. ಇದನ್ನು ನಮಗೆ ಅಕ್ಷರ ಕಲಿಸುವ ಮೊದಲೇ ಕಲಿಸಿದ್ದರು. ಪ್ರತಿ ವಾರ ಮಟನ್ ತಿನ್ನುವಷ್ಟು ಸ್ಥಿತಿವಂತರು ಎಂದು ನಮಗೆ ಬೀದಿಯಲ್ಲಿ ಹೆಸರು ಬೇರೆ ಬಂದಿತ್ತು.

ನನ್ನ ಗಂಡ ಜಯರಾಜ್‌ಗೆ ಬುಕಿತ್ ಬಾಟೋಕ್‌ನ ಒಂದು ಕಾರ್ಖಾನೆಯಲ್ಲಿ ಕೆಲಸ. ಮನೆ ಹುಡುಕುವಾಗ ಏಜೆಂಟರು ಫೋನಿನಲ್ಲಿ ನಮ್ಮ ಹೆಸರು ಕೇಳುತ್ತಿದ್ದಂತೆ, ಇಂಡಿಯನ್ನರಾ, ಓನರ್ ಒಪ್ಪುವುದಿಲ್ಲ, ನಿಮ್ಮ ಅಡುಗೆ ವಾಸನೆ ಗೋಡೆಗೆ ಹಿಡಿಯುತ್ತದೆ ಎಂದು ಇಟ್ಟುಬಿಡುವರು. ಬೆಂಗಳೂರಿನಲ್ಲಿ ಜಾತಿ ಕೇಳಿ ಬಾಗಿಲು ಹಾಕುತ್ತಿದ್ದರು, ಇಲ್ಲಿ ದೇಶ ಕೇಳಿ. ವ್ಯತ್ಯಾಸವೆಂದರೆ ಇಲ್ಲಿ ಕೊನೆಗೆ ‘ಸಾರಿ’ ಎಂದೂ ಹೇಳುವರು.

ಹಾಗಿರುವಾಗ ಕನ್ನಡದವರ ಒಂದು ಸಮಾರಂಭದಲ್ಲಿ ವತ್ಸಲಾ ಸಿಕ್ಕರು. ಮೈಸೂರಿನವರು, ನನಗಿಂತ ಏಳೆಂಟು ವರ್ಷ ದೊಡ್ಡವರು, ಇಲ್ಲಿಯ ಪ್ರಜೆಗಳೇ ಆಗಿಹೋದವರು. ತಾವು ಬ್ಯೂನಾ ವಿಸ್ಟಾದ ಕಾಂಡೋದಲ್ಲಿದ್ದರು, ಎಂದರೆ ಖಾಸಗಿ ಅಪಾರ್ಟ್‌ಮೆಂಟಿನಲ್ಲಿ. ಮೊದಲು ವಾಸವಿದ್ದ ಚೋವಾ ಚು ಕಾಂಗ್‌ನ ಫ್ಲ್ಯಾಟು ಖಾಲಿ ಇತ್ತು. ಅದು ಸರ್ಕಾರ ಕಟ್ಟಿಸಿದ ಫ್ಲ್ಯಾಟು, ಇಲ್ಲಿ ಎಚ್‌ಡಿಬಿ ಎನ್ನುತ್ತಾರೆ. ಕೆಳಗೆ ಗೋಡೆಯಿಲ್ಲದ ದೊಡ್ಡ ಹಜಾರ, ಅದಕ್ಕೆ ವಾಯ್ಡ್ ಡೆಕ್ ಎಂದು ಹೆಸರು; ಮದುವೆಯೂ ಅಲ್ಲೇ, ಸಾವಿನ ಕೂಟವೂ ಅಲ್ಲೇ. ಮಗಳು ಅನಿತಾಳ ಶಾಲೆ ನಡೆದು ಹೋಗುವಷ್ಟು ಹತ್ತಿರ. ನಾವು ಕ್ರೈಸ್ತರೆಂದು ವತ್ಸಲಾ ಅವರಿಗೆ ಮೊದಲೇ ಗೊತ್ತಿತ್ತು. ಬೀಗದ ಕೈ ಕೊಡುವಾಗ ಅವರೇ ಮಾತು ತೆಗೆದರು.

“ನಾವು ತಿನ್ನಲ್ಲ ಅಷ್ಟೇ, ಲೀಲಾ. ನೀವು ಚಿಕನ್ ಗಿಕನ್ ಏನ್ ಬೇಕೋ ಮಾಡ್ಕೊಳಿ. ನಾವೇನ್ ಹಳೇ ಕಾಲದವ್ರಾ?”

ಆ ‘ಗಿಕನ್’ ಎಲ್ಲಿಯವರೆಗೆ ಚಾಚುತ್ತದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ವತ್ಸಲಾ ಕೆಟ್ಟವರಲ್ಲ, ಇದನ್ನು ಬರೆಯಲೇಬೇಕು. ನನಗೆ ಜ್ವರ ಬಂದಾಗ ಟ್ಯಾಕ್ಸಿಯಲ್ಲಿ ಕೂರಿಸಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದದ್ದು ಅವರೇ. ಊರಿನಿಂದ ಬಂದ ಮಜ್ಜಿಗೆ ಮೆಣಸಿನಕಾಯಿಯಲ್ಲಿ ನನಗೊಂದು ಪಾಲು ಇರುತ್ತಿತ್ತು. ದಿನಾ ಅಡುಗೆ ಮುಗಿಯುವ ಹೊತ್ತಿಗೆ ಅವರ ಫೋನು ಬರುವುದು. ಗಂಡ ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ಆ ದಿನ ನಾನು ಆಡುವ ಕನ್ನಡವೆಲ್ಲ ಆ ಫೋನಿನಲ್ಲೇ.

ಪಕ್ಕದ ಮನೆಯಲ್ಲಿ ಒಬ್ಬರು ಚೀನೀ ಆಂಟಿ ಇದ್ದರು. ಹೋದ ಹೊಸತರಲ್ಲಿ ನಾನು ಒಂದು ಬಟ್ಟಲು ಸಾರು ಕೊಟ್ಟಾಗ, ಇದರಲ್ಲಿ ಬೀಫ್ ಇದೆಯಾ ಎಂದು ಮೊದಲು ಕೇಳಿದರು. ಅವರು ಗ್ವಾನ್‌ಯಿನ್ ಎಂಬ ಕರುಣೆಯ ದೇವಿಗೆ ನಡೆದುಕೊಳ್ಳುವವರು. ಆ ದೇವಿಯ ಒಕ್ಕಲು ದನ ತಿನ್ನುವುದಿಲ್ಲವಂತೆ. ಇದು ಚಿಕನ್ ಎಂದೆ, ಬಟ್ಟಲು ತೆಗೆದುಕೊಂಡರು. ನೀನು ತಿಂತೀಯಾ ಎಂದರು. ಹೌದೆಂದೆ. ಸರಿ, ನನಗೆ ಮಾತ್ರ ಕೊಡಬೇಡ ಎಂದು ಒಳಗೆ ಹೋದರು. ಮರುದಿನ ಅದೇ ಬಟ್ಟಲಲ್ಲಿ ಕಿತ್ತಳೆ ಬಂತು. ಇಷ್ಟು ಸುಲಭವಾಗಿ ಮುಗಿಯುವ ಮಾತು ಇದು ಎಂದು ನನಗೆ ನಲವತ್ತಾರನೆಯ ವಯಸ್ಸಿನಲ್ಲಿ ಗೊತ್ತಾಯಿತು. ಊರಿನಲ್ಲಿ ಈ ಮಾತಿಗೆ ಮನೆ ಸುಟ್ಟದ್ದನ್ನು ಕೇಳಿ ಬೆಳೆದವಳು ನಾನು.

ಇನ್ನು ಭಾನುವಾರದ ಬೀಫ್ ರೋಸ್ಟಿನ ವಿಷಯ. ಜಯರಾಜ್‌ಗೆ ಕೊಬ್ಬು ಕೂಡದೆಂದು ಡಾಕ್ಟರ್ ಹೇಳಿದ್ದರು. ಬಲಗಡೆಯ ದವಡೆ ಹಲ್ಲುಗಳೂ ಹೋಗಿದ್ದವು. ಅಂದರೆ ಕೊಬ್ಬಿಲ್ಲದ ಮಾಂಸವೂ ಆಗಬೇಕು, ಮೆತ್ತಗೂ ಇರಬೇಕು. ಇವೆರಡೂ ಒಟ್ಟಿಗೆ ಬರುವುದಿಲ್ಲವೆಂದು ಅಡುಗೆ ಮಾಡಿದವರಿಗೆಲ್ಲ ಗೊತ್ತು. ಅಮ್ಮನ ಸಾರಿನಲ್ಲಿ ಕೊಬ್ಬು ತೇಲುತ್ತಿತ್ತು, ಅದೇ ಅದರ ಗುಟ್ಟು. ನಾನು ತೊಡೆಯ ಭಾಗದ ಕೆಂಪು ತುಂಡು ತಂದು ಮೊದಲು ಕುಕ್ಕರಿನಲ್ಲಿ ವಿಸಿಲ್ ಮೇಲೆ ವಿಸಿಲ್ ಕೂಗಿಸಿದೆ, ತೆಂಗಿನ ನಾರಾಯಿತು. ಆಮೇಲೆ ಫ್ಲ್ಯಾಟಿನ ಜೊತೆಗೇ ಬಂದಿದ್ದ ಕರೆಂಟಿನ ಅವನ್ನಿನಲ್ಲಿಟ್ಟೆ. ಮಾಂಸ ಚೆನ್ನಾಗಿ ಬೇಯಲಿ ಎಂದು ಜೋರು ಶಾಖ ಕೊಟ್ಟೆ, ಚಪ್ಪಲಿಯಾಯಿತು. ಗಂಡ ಎಡದವಡೆಯಲ್ಲಿ ಅಗಿದು ತಟ್ಟೆ ಖಾಲಿ ಮಾಡಿದರು. ಅದೇ ನನಗೆ ಬೇಜಾರು.

ಒಂದೊಂದಾಗಿ ತಿದ್ದಿಕೊಂಡೆ. ಹಿಂದಿನ ದಿನವೇ ಉಪ್ಪು ತಿಕ್ಕಿ ಫ್ರಿಜ್ಜಿನಲ್ಲಿಡಬೇಕು. ತೊಳೆಯಬಾರದು, ಒರೆಸಬೇಕು. ತುಂಡನ್ನು ನೂಲಿನಿಂದ ಬಿಗಿದು, ಕರಿಮೆಣಸು, ಬೆಳ್ಳುಳ್ಳಿ, ಒಂದು ಚೂರು ವಿನೆಗರ್ ಸವರಿ, ಕಾದ ಕಬ್ಬಿಣದ ಬಾಣಲೆಯಲ್ಲಿ ಎಲ್ಲ ಮಗ್ಗುಲೂ ಕಂದಿಸಿ, ಆಮೇಲೆ ಅವನ್ನಿನಲ್ಲಿ ಸಣ್ಣ ಶಾಖಕ್ಕೆ ಬಿಡಬೇಕು. ನಡುವೆ ಇನ್ನೂ ಗುಲಾಬಿ ಬಣ್ಣವಿರುವಾಗಲೇ ತೆಗೆದು, ಮುಚ್ಚಿಟ್ಟು, ಕೈ ಕಟ್ಟಿಕೊಂಡು ಕೂರಬೇಕು. ಇಷ್ಟಾದರೂ ತಟ್ಟೆಗೆ ಬಂದದ್ದು ಗಟ್ಟಿಯೇ. ತಪ್ಪು ನನ್ನ ಚಾಕುವಿನಲ್ಲಿತ್ತು. ನಮ್ಮ ಮನೆಯಲ್ಲಿ ಉಪ್ಪುಕಂಡ ಮಾಡುವಾಗ, ಮಾಂಸವನ್ನು ದಾರಕ್ಕೆ ನೇತುಹಾಕಿ ಒಣಗಿಸಲೆಂದು ನಾರಿನ ಉದ್ದಕ್ಕೆ ಸೀಳುತ್ತಾರೆ. ನನ್ನ ಕೈಗೆ ಬರುತ್ತಿದ್ದದ್ದು ಅದೇ. ರೋಸ್ಟನ್ನು ನಾರಿಗೆ ಅಡ್ಡವಾಗಿ, ತೆಳ್ಳಗೆ ಕೊಯ್ಯಬೇಕು. ಅಡ್ಡ ಕೊಯ್ದ ದಿನ ಚೂರು ನಾಲಿಗೆಯ ಮೇಲೆ ತಾನಾಗಿ ಬಿಟ್ಟುಕೊಂಡಿತು.

ಆ ದಿನ ಭಾನುವಾರ. ಓವರ್‌ಟೈಮ್ ಕೆಲಸಕ್ಕೆ ಹೋಗಿದ್ದ ಜಯರಾಜ್ ಇನ್ನೂ ಬಂದಿರಲಿಲ್ಲ. ಏಸಿ ಸರ್ವಿಸಿನವನನ್ನು ಕರೆದುಕೊಂಡು ವತ್ಸಲಾ ಬಂದರು. ನಾನು ಕಾಫಿ ಕೊಟ್ಟೆ. ಅವರು ಲೋಟ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಏನ್ರೀ ಇದು, ಹೀಗೆ ಘಮ್ ಅಂತಿದೆ. ತಿನ್ನದೇ ಇರೋರ ಬಾಯಲ್ಲೂ ನೀರು ಬರತ್ತಲ್ರೀ. ಏನ್ ಮಾಡಿದೀರಾ?”

‘ಮಟನ್’ ಎಂಬುದು ನನ್ನ ಗಂಟಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಸೋಫಾದ ಮೇಲೆ ಲೆಕ್ಕ ಮಾಡುತ್ತಾ ಕುಳಿತಿದ್ದ ಅನಿತಾ ತಲೆಯೆತ್ತದೆ, ಇಲ್ಲಿಯವರ ಹಾಗೆ ಕೊನೆಗೊಂದು ‘ಲಾ’ ಸೇರಿಸಿ ಹೇಳಿದಳು.

“ಬೀಫ್, ಆಂಟಿ. ಅಮ್ಮ ಎಷ್ಟು ಸಲ ಫೇಲ್ ಆದ್ರು ಗೊತ್ತಾ? ಇವತ್ತು ಫೈನಲಿ ಸಾಫ್ಟ್ ಆಗಿದೆ ಲಾ.”

ವತ್ಸಲಾ ನನ್ನನ್ನು ನೋಡಲಿಲ್ಲ. ಅವನ್ನಿನತ್ತ ನೋಡಿದರು.

“ಇದ್ರಲ್ಲಾ?”

ಹೌದೆಂದೆ.

“ನನ್ನ ಮಗಳ ಬರ್ತ್‌ಡೇ ಕೇಕೆಲ್ಲಾ ಇದ್ರಲ್ಲೇ ಮಾಡ್ತಿದ್ದೆ,” ಎಂದರು, ಯಾರಿಗೂ ಅಲ್ಲದ ಹಾಗೆ.

ಕಾಫಿಯನ್ನು ಕಟ್ಟೆಯ ಮೇಲಿಟ್ಟರು. ಏಸಿಯವನು ಮುಗಿಸುವ ತನಕ ಬಾಗಿಲ ಹೊರಗೆ ಕಾರಿಡಾರಿನಲ್ಲಿ ನಿಂತು ಫೋನು ನೋಡಿದರು. ಹೋಗುವಾಗ ಎಂದಿನಂತೆ ಅನಿತಾಳಿಗೆ ಚೆನ್ನಾಗಿ ಓದು ಎಂದೂ ಹೇಳಿದರು. ಲೋಟದಲ್ಲಿ ಕಾಫಿ ತುಂಬಿದ ಹಾಗೇ ಇತ್ತು.

ಜಯರಾಜ್ ಬಂದು ಊಟಕ್ಕೆ ಕುಳಿತ ಮೇಲೆ ವಿಷಯ ಹೇಳಿದೆ. ಅವರ ಕೈ ನಿಂತಿತು.

“ಆ ಮಗೂಗೆ ಒಂದ್ ಮಾತು ಹೇಳ್ಕೊಟ್ಟಿರ್ಬಾರ್ದಿತ್ತಾ?”

“ಏನಂತ ಹೇಳ್ಕೊಡ್ಲಿ?” ಎಂದೆ.

ಅನಿತಾ ಇಬ್ಬರನ್ನೂ ನೋಡಿದಳು. ತಾನು ಮಾಡಿದ ತಪ್ಪೇನೆಂದು ಕೇಳಿದಳು. ಪ್ಯಾಕೆಟ್ಟಿನ ಮೇಲೆ ಅಷ್ಟು ದೊಡ್ಡದಾಗಿ ಬರೆದಿರುವುದನ್ನು ಬೇರೆ ಏನೋ ಅನ್ನುವುದೇಕೆ ಎಂದಳು. ಅವಳ ಪ್ರಶ್ನೆಗೆ ಬೆಂಗಳೂರಿನಲ್ಲಿ ಉತ್ತರವಿತ್ತು, ಇಲ್ಲಿ ಇರಲಿಲ್ಲ. ರೋಸ್ಟು ಬೆಣ್ಣೆಯ ಹಾಗಿತ್ತು. ಜಯರಾಜ್ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ.

ಮರುದಿನದಿಂದ ಫೋನು ನಿಂತಿತು. ಒಂದೆರಡು ಸಲ ನಾನೇ ಮಾಡಿದೆ. ಮೀಟಿಂಗಿನಲ್ಲಿದ್ದೇನೆ ಎಂದು ಮೆಸೇಜು ಬಂತು. ಆ ವಾರದ ಕೊನೆಗೆ ಜಯರಾಜ್‌ಗೆ ಇನ್ನೊಂದು ಮೆಸೇಜು. ಊರಿನಿಂದ ನೆಂಟರು ಬರುತ್ತಿದ್ದಾರೆ, ಕರಾರು ಮುಂದುವರಿಸಲು ಆಗುವುದಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಮಗಳ ದೊಡ್ಡ ಪರೀಕ್ಷೆಯ ವರ್ಷ ಇದು, ಅದು ಮುಗಿಯುವವರೆಗಾದರೂ ಬಿಡಿ ಎಂದು ಜಯರಾಜ್ ಕೇಳಿಕೊಂಡರು. ಕೈಮುಗಿದಿರುವ ಎರಡು ಗೊಂಬೆ ಕೈಗಳಷ್ಟೇ ಉತ್ತರವಾಗಿ ಬಂದವು. ಮುಂದಿನ ತಿಂಗಳು ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ನಮ್ಮ ಅಡುಗೆಮನೆಯ ಫೋಟೋ ಕಂಡಿತು. ಬಾಡಿಗೆಗಿದೆ, ಸಸ್ಯಾಹಾರಿ ಕನ್ನಡ ಕುಟುಂಬಕ್ಕೆ ಆದ್ಯತೆ ಎಂದು ಬರೆದಿದ್ದರು. ಹಳೆಯ ಅವನ್ನಿನ ಜಾಗದಲ್ಲಿ ಹೊಸ ಅವನ್ ಹಾಕಿಸಿಕೊಡುವುದಾಗಿಯೂ ಇತ್ತು. ನಾವಿನ್ನೂ ಆ ಮನೆಯಲ್ಲೇ ಇದ್ದೆವು.

ಈಗ ಬುಕಿತ್ ಬಾಟೋಕ್‌ನಲ್ಲಿದ್ದೇವೆ. ಮನೆ ಚಿಕ್ಕದು. ಅನಿತಾ ಕತ್ತಲಿರುವಾಗಲೇ ಎದ್ದು ಬಸ್ಸು ಹಿಡಿಯುತ್ತಾಳೆ, ಸಂಜೆ ಪುಸ್ತಕದ ಮೇಲೆಯೇ ತೂಕಡಿಸುತ್ತಾಳೆ. ಓನರ್ ಮಲಯ್ ಮುಸ್ಲಿಮರು. ಬೀಗದ ಕೈ ಕೊಡುವ ಮೊದಲೇ ಎದುರಿಗೆ ಕೂರಿಸಿಕೊಂಡು, ಹಂದಿ ಮಾತ್ರ ಈ ಮನೆಯಲ್ಲಿ ಬೇಡ, ಉಳಿದದ್ದು ನಿಮ್ಮಿಷ್ಟ ಎಂದರು. ನಮಗೆ ಹಂದಿಯೂ ಇಷ್ಟವೇ. ಆದರೂ ಒಪ್ಪಿಕೊಂಡೆವು. ಯಾವುದು ಬೇಡವೆಂದು ಮೊದಲೇ ತಿಳಿದರೆ, ಆ ಮನೆ ಬೇಕೋ ಬೇಡವೋ ಎಂದು ಯೋಚಿಸಲು ನಮಗೂ ಜಾಗವಿರುತ್ತದೆ. ಭಾನುವಾರ ಈಗಲೂ ರೋಸ್ಟು ಮಾಡುತ್ತೇನೆ. ಕೆಡುವುದಿಲ್ಲ. ಆದರೆ ಸೋಮವಾರದಿಂದ ಶನಿವಾರದವರೆಗೆ ಹಗಲಿನಲ್ಲಿ ನನ್ನ ಬಾಯಿಂದ ಕನ್ನಡ ಬರುವುದು ಹಾಲು ಉಕ್ಕಿದಾಗ ಮಾತ್ರ.

ಈ ಸಲ ಯುಗಾದಿಯ ಊಟಕ್ಕೆ ಹೋಗುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಜಯರಾಜ್ ಬರಲಿಲ್ಲ. ಅನಿತಾಳಿಗೆ ಟ್ಯೂಷನ್. ನಾನೊಬ್ಬಳೇ ಸೀರೆಯುಟ್ಟು ಎಂಆರ್‌ಟಿ ಹತ್ತಿ ಹೋದೆ, ರೈಲಿನವರೆಲ್ಲ ನನ್ನ ಮುಡಿಯ ಹೂವು ನೋಡುತ್ತಿದ್ದರು. ಸಭಾಂಗಣದೊಳಗೆ ಕಾಲಿಟ್ಟ ಕೂಡಲೇ ಒಗ್ಗರಣೆ, ಮಲ್ಲಿಗೆ, ನಾಲ್ಕು ದಿಕ್ಕಿನಿಂದ ಕನ್ನಡ. ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಎಲೆಯ ಮುಂದೆ ಕುಳಿತಾಗ ಹೋಳಿಗೆ ಬಡಿಸುತ್ತಾ ಬಂದವರು ವತ್ಸಲಾ.

“ಅಯ್ಯೋ ಲೀಲಾ, ಎಷ್ಟ್ ದಿನ ಆಯ್ತು ನೋಡಿ. ಶಿಫ್ಟ್ ಆದ್ಮೇಲೆ ನಮ್ಮನ್ನೆಲ್ಲ ಮರ್ತೇಬಿಟ್ರಿ. ಹೊಸ ಮನೆಗೆ ಒಂದ್ ಸಲಾನಾದ್ರೂ ಕರೀಬಾರ್ದಾ?”

ಅಕ್ಕಪಕ್ಕದವರು ನಕ್ಕರು. ನನ್ನ ಪಾಲಿನ ನಗುವಿಗಾಗಿ ವತ್ಸಲಾ ಕಾಯುತ್ತಿದ್ದರು. ಅದನ್ನು ಕೊಟ್ಟಿದ್ದರೆ ಬಹುಶಃ ಮರುದಿನ ಫೋನೂ ಬರುತ್ತಿತ್ತು.

“ಬನ್ನಿ,” ಎಂದೆ. “ಯಾವತ್ತಾದ್ರೂ ಬನ್ನಿ. ಭಾನುವಾರ ಆದ್ರೆ ಹೇಳಿ ಬನ್ನಿ, ಅವತ್ತು ನಮ್ಮನೇಲಿ ಬೀಫ್ ಮಾಡ್ತೀವಿ.”

ಕನ್ನಡದವರ ನಡುವೆ ಕುಳಿತು ಆ ಪದವನ್ನು ನಾನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಪಕ್ಕದ ಎಲೆಯ ಹೆಂಗಸು ಕೋಸಂಬರಿ ಬೆರಳಲ್ಲಿ ಹಿಡಿದು ಹಾಗೇ ಕುಳಿತರು. ವತ್ಸಲಾ ಅವರ ಮುಖದ ನಗು ಮಾಸಲಿಲ್ಲ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡಿ, ನನ್ನೆಲೆಗೆ ಇನ್ನೊಂದು ಹೋಳಿಗೆ ಹಾಕಿದರು.

“ತಿನ್ನಿ ತಿನ್ನಿ, ನಾಚ್ಕೋಬೇಡಿ,” ಎಂದು ಮುಂದಿನ ಎಲೆಗೆ ಹೋದರು.

ಹೋಳಿಗೆ ಬಿಸಿಯಾಗಿತ್ತು. ಅವರ ಕೈಯ ಹೋಳಿಗೆಯಷ್ಟು ತೆಳ್ಳಗೆ ಈ ಊರಿನಲ್ಲಿ ಯಾರೂ ಮಾಡುವುದಿಲ್ಲ, ನನಗೂ ಬರುವುದಿಲ್ಲ. ಎರಡನ್ನೂ ತಿಂದೆ. ಪಕ್ಕದವರು ಎಲೆ ಮಡಚಿ ಬೇಗನೆ ಎದ್ದು ಹೋದರು. ಸಾಲು ಖಾಲಿಯಾದ ಮೇಲೂ ನಾನು ಕೈ ತೊಳೆಯದೆ ಕುಳಿತೇ ಇದ್ದೆ. ಸುತ್ತಲೂ ಕನ್ನಡ ಕೇಳುತ್ತಿತ್ತು.