ಬಾಯಿಗೆ ಹೋದ ಹಲ್ಲು

ಬೀದಿಯ ಅಂಗಡಿಗಳು ಇನ್ನೂ ಕದ ತೆರೆದಿಲ್ಲ. ಹಲ್ಲಿನ ಆಸ್ಪತ್ರೆಯ ಹಿಂದಿನ ಓಣಿಯ, ಕಟ್ಟುಹಲ್ಲು ಮಾಡುವ ಈ ಸಣ್ಣ ಲ್ಯಾಬಿನಲ್ಲಿ ಮಾತ್ರ ಆಗಲೇ ಸ್ಪಿರಿಟ್ ದೀಪ ಉರಿಯುತ್ತಿದೆ. ಅದರ ಮುಂದೆ ಕುಳಿತ ಹೆಂಗಸು ಬಿಸಿ ಚಾಕುವಿನ ತುದಿಯಿಂದ ಗುಲಾಬಿ ಮೇಣವನ್ನು ಮೆದುವಾಗಿಸಿ ಅದರಲ್ಲಿ ಒಂದು ಹಲ್ಲು ಕೂರಿಸುತ್ತಾರೆ. ದೂರ ಹಿಡಿದು ನೋಡುತ್ತಾರೆ. ಕೂದಲೆಳೆಯಷ್ಟು ತಿರುಗಿಸುತ್ತಾರೆ. ಮೇಣದ ಕೆಳಗಿರುವ ಪ್ಲಾಸ್ಟರ್ ಅಚ್ಚು ಯಾರದೋ ಬೊಚ್ಚು ಬಾಯಿಯದು. "ನೋಡಿ, ಈಗ ನಗೋಕೆ ಶುರು ಮಾಡ್ದ" ಎಂದು ಅಚ್ಚನ್ನು ನನ್ನ ಕಡೆ ತಿರುಗಿಸುತ್ತಾರೆ. ಇವರ ಬಗ್ಗೆ ಬರೆಯಲೆಂದು ಇಷ್ಟು ಬೇಗ ಬಂದು, ಕಣ್ಣಲ್ಲಿನ್ನೂ ನಿದ್ದೆ ಇದ್ದ ನನಗೂ ನಗು ತಡೆಯಲಾಗುವುದಿಲ್ಲ.

ಓಣಿಯ ಮಕ್ಕಳಿಗೆ ಇವರು ‘ಹಲ್ಲಕ್ಕ’. ಕಟ್ಟಿಸಿದ ಹಲ್ಲು ಹಾಕಿಕೊಂಡು ಓಡಾಡುವವರಿಗೆ ಡಾಕ್ಟರ ಹೆಸರು ಗೊತ್ತು, ಆ ಹಲ್ಲು ಮಾಡಿದವರು ಗೊತ್ತಿಲ್ಲ. ಹಲ್ಲಕ್ಕನಿಗೂ ಅವರ್‍ಯಾರೆಂದು ಗೊತ್ತಿಲ್ಲ. "ಮುಖ ನೋಡಿರಲ್ಲ, ಬಾಯಿ ಮಾತ್ರ ಗೊತ್ತು. ರಸ್ತೇಲಿ ಯಾರಾದ್ರೂ ಬಾಯ್ತುಂಬ ನಕ್ರೆ, ಅಯ್ಯೋ ಇದು ನನ್ನದೇ ಅಲ್ವಾ ಅನ್ಸತ್ತೆ. ಹೋಗಿ ಕೇಳೋಕಾಗತ್ತಾ? ಒದೆ ತಿಂತೀನಿ ಅಷ್ಟೆ."

ಹಲ್ಲು ಕಟ್ಟುವ ಕೆಲಸ ಕಲಿಸುವ ತರಬೇತಿ ಕಾಲೇಜಿನ ವಿದ್ಯಾರ್ಥಿಗಳು ವರ್ಷವೂ ಇಲ್ಲಿಗೆ ಇಂಟರ್ನ್‌ಶಿಪ್ಪಿಗೆ ಬರುತ್ತಾರೆ. ಸಂಬಳವಿಲ್ಲ, ಕೊನೆಗೊಂದು ಸರ್ಟಿಫಿಕೇಟು. ಕಲಿಸುವವರು ಹಲ್ಲಕ್ಕ. ವಿದ್ಯಾರ್ಥಿ ದಿನವಿಡೀ ಕೂತು ಜೋಡಿಸಿದ ಹಲ್ಲಿನ ಸೆಟ್ಟನ್ನು ಸಂಜೆ ಅವನ ಕಣ್ಣೆದುರೇ ಬಿಸಿನೀರಿಗೆ ಹಾಕಿ, ಮೇಣ ಕರಗಿಸಿ, ಹಲ್ಲುಗಳನ್ನು ಡಬ್ಬಿಗೆ ತುಂಬಿಬಿಡುತ್ತಾರೆ. ಮರುದಿನ ಮತ್ತೆ ಮೊದಲಿನಿಂದ. ಕೈ ಕುದುರಿದ ಮೇಲಷ್ಟೇ ಸೆಟ್ಟು ಡಾಕ್ಟರಿಗೆ, ಅಲ್ಲಿಂದ ರೋಗಿಯ ಬಾಯಿಗೆ. ‘ಬಾಯಿಗೆ ಹೋಯ್ತು’ ಎನ್ನುವುದು ಲ್ಯಾಬಿನ ಮಾತು. "ನಿಂದು ಬಾಯಿಗೆ ಹೋಯ್ತೇನೋ?" ಎಂದು ಹುಡುಗರು ಒಬ್ಬರನ್ನೊಬ್ಬರು ಛೇಡಿಸುತ್ತಿರುತ್ತಾರೆ. ಮೊದಲ ಸಲ ಹೋದವನ ಜಂಭ ಎರಡು ದಿನ ಇಳಿಯುವುದಿಲ್ಲ.

ಹೋದ ವರ್ಷ ಇಲ್ಲಿನ ಒಬ್ಬ ನುರಿತ ಕೆಲಸಗಾರ ಬಿಟ್ಟು ಹೋದ. ಮಾಲೀಕರು ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಹಾಗಂತ ಕೆಲಸವೇನೂ ನಿಲ್ಲಲಿಲ್ಲ. ಆ ಮೇಜಿಗೆ ಬಂದು ಕೂತದ್ದು ಒಬ್ಬಳು ವಿದ್ಯಾರ್ಥಿನಿ, ಎರಡು ಬಸ್ಸು ಬದಲಿಸಿ ಬರುವ ಹುಡುಗಿ. ಅವಳ ಕೈಯೋ, ಹೇಳಿ ಮಾಡಿಸಿದ ಹಾಗಿತ್ತು. ಅವಳ ಸೆಟ್ಟುಗಳು ಒಂದಾದ ಮೇಲೊಂದು ಬಾಯಿಗೆ ಹೋಗುತ್ತಲೇ ಇದ್ದವು. ಒಂದು ಬೆಳಿಗ್ಗೆ ಬಂದವಳು, "ಅಕ್ಕಾ, ನಾಳೆಯಿಂದ ಬರಲ್ಲ. ಬಟ್ಟೆ ಅಂಗಡೀಲಿ ಕೆಲಸ ಸಿಕ್ಕಿದೆ. ಅಮ್ಮ ನನ್ನ ಬಸ್ ಚಾರ್ಜಿಗೂ ಚಿಕ್ಕಪ್ಪನ ಹತ್ರ ಕೈ ಚಾಚ್ತಾಳೆ" ಎಂದಳು.

"ನಾನೂ ಒಂದು ಕಾಸಿಲ್ದೆ ಕಲ್ತೋಳೇ" ಎನ್ನುತ್ತಾರೆ ಹಲ್ಲಕ್ಕ. "ಹಲ್ಲು ಕಚ್ಕೊಂಡು ಕಲ್ತೆ ಅಂತ ಎಲ್ರ ಮುಂದೆ ಬೀಗ್ತಿದ್ದೆ. ನಿಜ ಏನ್ ಗೊತ್ತಾ? ನಮ್ಮಕ್ಕನ ಮನೇಲಿದ್ದೆ. ಊಟ ಹಾಕ್ದೋಳು ಅವಳು. ಅವಳು ಒಂದಿನ ಮುಖ ಸಿಂಡರಿಸಿದ್ರೂ ನಾನೂ ಯಾವ್ದೋ ಅಂಗಡೀಲೇ ಇರ್ತಿದ್ದೆ. ಈ ಹುಡುಗಿಗೆ ಅಂಥ ಅಕ್ಕ ಎಲ್ಲಿಂದ ತರ್ಲಿ?"

ಹುಡುಗಿಯನ್ನು ಅಲ್ಲೇ ಕೂರಿಸಿ ಸೀದಾ ಮಾಲೀಕರ ಕೋಣೆಗೆ ಹೋದರು. "ಸಾರ್, ಕರಗಿಸಿದ್ದಕ್ಕೆ ದುಡ್ಡು ಕೊಡ್ಬೇಡಿ, ಅದು ಪಾಠ. ಬಾಯಿಗೆ ಹೋದ್ರೆ ಅದು ಕೆಲಸ. ಹಲ್ಲು ಒಬ್ರ ಬಾಯಿಗೆ ಹೋದ್ಮೇಲೆ ಮಾಡ್ದೋಳ ಬಾಯಿಗೂ ಏನಾದ್ರೂ ಹೋಗ್ಬೇಕಲ್ವಾ?" ದುಡ್ಡು ಕೊಡದೆ ಮಾಡಿಸಿದ ಸೆಟ್ಟನ್ನು ಇನ್ನು ಮೇಲೆ ತಾವು ಪರೀಕ್ಷಿಸಿ ಕಳಿಸುವುದಿಲ್ಲ ಎಂದೂ ಹೇಳಿಬಿಟ್ಟರು. ತಮ್ಮ ಕೆಲಸಕ್ಕೇ ಕುತ್ತು ತರಬಹುದಾದ ಮಾತದು.

ಮಾಲೀಕರೇನೂ ಕಟುಕರಲ್ಲ. ಅವರ ಲೆಕ್ಕವೂ ಲೆಕ್ಕವೇ. "ಶುರುವಿನಲ್ಲಿ ಇವರು ಹಾಳು ಮಾಡೋ ಮೇಣ ಯಾರದು? ಅಕ್ಕ ಕಲಿಸ್ತಾ ಕೂತ್ರೆ ಆ ಹೊತ್ತಿನ ಸಂಬಳ ಯಾರು ಕೊಡೋದು? ನಾನೇ ತಾನೆ?" ಎಂದರು ನನ್ನೊಂದಿಗೆ. ತಳ್ಳಿಹಾಕುವ ಮಾತಲ್ಲ. ಆದರೂ ಸುಮ್ಮನಿರಲಾರದೆ, ಬಿಟ್ಟು ಹೋದವನ ಸಂಬಳ ನಿಮಗೆ ಉಳಿಯಿತಲ್ಲ ಎಂದೆ. "ಅದೂ ಹೌದೆನ್ನಿ" ಎಂದು ನಕ್ಕರು. ಕೊನೆಗೆ, ಬಾಯಿಗೆ ಹೋದ ಪ್ರತಿ ಸೆಟ್ಟಿಗೂ ಕೂಲಿ ಕೊಡಲು ಒಪ್ಪಿದರು. ಜೊತೆಗೇ ಒಂದು ಕೊಕ್ಕೆ ಇಟ್ಟರು: ಆರು ವಿದ್ಯಾರ್ಥಿಗಳ ಬದಲು ಇನ್ನು ಇಬ್ಬರೇ.

ಹುಡುಗಿ ಉಳಿದಳು. ಆದರೆ ನಾಲ್ವರಿಗೆ ಬರಬೇಡಿ ಎನ್ನುವ ಪಾಪದ ಕೆಲಸ ಹಲ್ಲಕ್ಕನ ತಲೆಗೇ ಬಂತು. ಅವರಲ್ಲೊಬ್ಬನ ತಾಯಿ ಲ್ಯಾಬಿಗೇ ಬಂದು ರೇಗಿದರು: "ನನ್ನ ಮಗನಿಗೆ ದುಡ್ಡು ಬೇಡ್ವೇ ಬೇಡ. ಬಿಟ್ಟಿ ಮಾಡ್ತೀನಿ ಅಂದ್ರೂ ಬೇಡ ಅನ್ನೋಕೆ ನೀವ್ಯಾರ್ರೀ?"

"ಆಯಮ್ಮ ಕೇಳಿದ್ದೂ ಸರೀನೇ. ಆದ್ರೆ ಅವನು ಬಿಟ್ಟಿ ಮಾಡ್ತೀನಿ ಅಂತ ನಿಂತ್ರೆ ಇವಳಿಗೆ ಕೂಲಿ ಯಾರು ಕೊಡ್ತಾರೆ, ನೀವೇ ಹೇಳಿ" ಎಂದು ಹಲ್ಲಕ್ಕ ನನ್ನನ್ನೇ ಕೇಳುತ್ತಾರೆ. ಆ ನಾಲ್ವರಿಗೂ ಈಗ ತಮ್ಮ ರಜಾದಿನಗಳಲ್ಲಿ ಕಲಿಸುತ್ತಾರೆ. ಅವರು ಜೋಡಿಸಿದ್ದೆಲ್ಲ ಸಂಜೆಗೆ ಕರಗುತ್ತದೆ, ಒಂದು ಹಲ್ಲೂ ಹೊರಗೆ ಹೋಗುವುದಿಲ್ಲ. ಹಾಗಾದರೆ ನಿಮ್ಮ ರಜೆಯ ದುಡಿಮೆ ಬಿಟ್ಟಿಯಲ್ಲವೇ ಎಂದೆ. "ಅಯ್ಯೋ ನಿಮ್ಮ! ಸಿಕ್ಕಿಹಾಕ್ಸಿಬಿಟ್ರಲ್ಲ!" ಎಂದು ಚಾಕು ಕೆಳಗಿಟ್ಟು ನಕ್ಕರು.

ಹುಡುಗಿಯ ಇಂಟರ್ನ್‌ಶಿಪ್ಪು ಮುಗಿಯುತ್ತಾ ಬಂದಿದೆ. ಅವಳು ಇಲ್ಲೇ ಉಳಿಯಲಿ ಎಂಬ ಆಸೆಯೇ ಎಂದು ಕೇಳಿದೆ.

"ಬೇರೆ ದೊಡ್ಡ ಲ್ಯಾಬಿಗೆ ಹೋಗ್ತಾಳೆ, ಹೋಗ್ಲಿ. ಹೋದ ದಿನಾನೇ ‘ಎಷ್ಟು ಕೊಡ್ತೀರಿ’ ಅಂತ ತಲೆ ಎತ್ತಿ ಕೇಳ್ಬೇಕು, ಅಷ್ಟೇ ನನ್ನಾಸೆ. ಅದೊಂದು ಮಾತು ಕೇಳೋಕೆ ನಂಗೆ ಕೂದ್ಲು ಬೆಳ್ಳಗಾಗ್ಬೇಕಾಯ್ತು. ಅದೂ ಕೇಳಿದ್ದು ನನಗೋಸ್ಕರ ಅಲ್ಲ."