ತಮ್ಮನ ಬಾಯಿಯಾಗಿದ್ದವಳು

ಮೊನ್ನೆ ಒಂದು ಮದುವೆಯಲ್ಲಿ ಊಟದ ಕೊನೆಗೆ ಐಸ್‌ಕ್ರೀಮ್ ಕೊಟ್ಟರು. ಜೊತೆಗೊಂದು ಚಪ್ಪಟೆ ಕಟ್ಟಿಗೆಯ ಚಮಚ. ಬಾಯಿಗಿಟ್ಟರೆ ವೆನಿಲಾ ಆಮೇಲೆ, ಮೊದಲು ಒಣ ಕಟ್ಟಿಗೆಯ ರುಚಿ. ನಿಮಗೂ ಅದು ಗೊತ್ತಿರಬೇಕು, ಹಲ್ಲು ಜುಮ್ಮೆನ್ನಿಸುವ ರುಚಿ. ಎರಡು ಚಮಚ ತಿಂದು ಕಪ್ಪು ಕೆಳಗಿಟ್ಟೆ. ಒಂದಾನೊಂದು ಕಾಲದಲ್ಲಿ ಅದೇ ರುಚಿಯನ್ನು ಕಂಡವರ ಮಕ್ಕಳ ನಾಲಿಗೆಗೆ ಹಚ್ಚುತ್ತ ನಾಲ್ಕು ವರ್ಷ ತಿರುಗಿದವಳು ನಾನು.

ಎಂಬತ್ತರ ದಶಕದ ಮಾತು. ನಮ್ಮ ಯಜಮಾನರಿಗೆ ಅಣ್ಣಿಗೇರಿಗೆ ವರ್ಗವಾಗಿತ್ತು. ಕಾನ್ವೆಂಟಿನಲ್ಲಿ ಓದಿದ ನನ್ನ ಇಂಗ್ಲಿಷಿಗೆ ಅಲ್ಲಿ ಗಿರಾಕಿಗಳೇ ಇಲ್ಲ. ಅಷ್ಟರಲ್ಲಿ ಒಂದು ಸೇವಾ ಸಂಸ್ಥೆಯವರು, ಮಾತು ಸ್ಪಷ್ಟವಿಲ್ಲದ ಹಳ್ಳಿ ಮಕ್ಕಳಿಗೆ ಉಚ್ಚಾರ ಕಲಿಸಲು ‘ಎಜುಕೇಟೆಡ್ ಲೇಡಿ’ ಬೇಕು ಎಂದು ಹುಡುಕಿಕೊಂಡು ಬಂದರು. ನನ್ನ ಅರ್ಹತೆಯನ್ನು ಕೇಳಿ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮ್ಮ ತುಟಿಯ ಮುಂದೆ ತೆಳು ಕಾಗದದ ಪಟ್ಟಿ ಹಿಡಿಯುತ್ತಿದ್ದರು. ‘ಪೀಟರ್’ ಎಂದಾಗ ಅದು ಅಲುಗಾಡದಿದ್ದರೆ ಅಂದಿನ ಆಟ ಬಂದ್. ಕಾಗದ ಅಲುಗಾಡಿಸುವುದರಲ್ಲಿ ನಾನು ಎತ್ತಿದ ಕೈ. ಎಲೊಕ್ಯೂಷನ್ ಕಪ್ ಎರಡು ಸಲ ಗೆದ್ದಿದ್ದೆ. ಆ ಕಪ್ಪಿನ ಮೇಲೆ ಆರು ವಾರದ ಟ್ರೇನಿಂಗ್ ಸುರಿದರು, ನಾನು ‘ಸ್ಪೀಚ್ ಕರೆಕ್ಷನಿಸ್ಟ್’ ಆದೆ. ಜನ ಮಾತ್ರ ‘ನಾಲಿಗಿ ಅಕ್ಕಾರು’ ಎಂದು ಕರೆದರು. ಆಗ ಅವಮಾನವೆನಿಸಿತ್ತು. ಈಗ ನೋಡಿದರೆ ಅದಕ್ಕಿಂತ ಪ್ರಾಮಾಣಿಕವಾದ ಡೆಸಿಗ್ನೇಷನ್ ನನಗೆ ಯಾರೂ ಕೊಟ್ಟಿಲ್ಲ.

ಮೊದಲು ಕ್ಯಾಂಪ್ ನಡೆಯಿತು. ದೊಡ್ಡ ಊರಿನಿಂದ ತಜ್ಞರೊಬ್ಬರು ಬಂದಿದ್ದರು. ಕಾರು ಇಳಿದವರೇ ಧೂಳಿನ ಬಗ್ಗೆ ಹತ್ತು ನಿಮಿಷ ಮಾತಾಡಿದರು, ಆಮೇಲೆ ಮಕ್ಕಳ ಬಗ್ಗೆ ಎರಡು ನಿಮಿಷ. ಅವರ ಮುಂದೆ ಬಂದು ಕೂತವನು ಬಸು, ಆರು ವರ್ಷದ ಹುಡುಗ. ಶಲವಡಿಯ ಕಡೆ ಹೋಗುವ ಬಸ್ಸಿನಲ್ಲಿ ಮುಕ್ಕಾಲು ತಾಸಿನ ಒಂದು ಹಳ್ಳಿಯ, ಹೊಲಮನೆ ಚೆನ್ನಾಗಿಯೇ ಇದ್ದ ಮನೆಯ ಒಬ್ಬನೇ ಮಗ. ಅವನಿಗೆ ‘ಕ’ ಹೊರಡುತ್ತಿರಲಿಲ್ಲ, ‘ತ’ ಆಗುತ್ತಿತ್ತು. ‘ಗ’ ಹೋಗಿ ‘ದ’. ಉಳಿದದ್ದನ್ನೂ ಅವಸರದಲ್ಲಿ ಕಲಸಿ ಬಿಡುತ್ತಿದ್ದ. ಅವನ ಜೊತೆ ಅಕ್ಕ ಗಂಗವ್ವ, ಒಂಬತ್ತರವಳು. ತಜ್ಞರು ಕುದುರೆಯ ಚಿತ್ರ ತೋರಿಸಿದರು. ಬಸು ಏನೋ ಅಂದ. ಅವನು ಮುಗಿಸುವ ಮೊದಲೇ ಗಂಗವ್ವ, ‘ಕುದ್ರಿ ಅಂದಾನ್ರಿ. ಇದರ ಕಾಲ ಬಾಳ ಸಣ್ಣು ಅದಾವ, ನಮ್ಮ ಹೊಲದಾಗ ನಡಿಯೂದಿಲ್ಲ ಅಂತಾನ್ರಿ’ ಎಂದಳು.

‘ಈಕೀನ ಹೊರಗ ಕಳಸ್ರಿ. ಅಬ್ಜೆಕ್ಟಿವ್ ಆಗಿ ನೋಡಬೇಕು’ ಎಂದರು ತಜ್ಞರು.

ಅಕ್ಕ ಹೊರಗೆ ಹೋದಳು, ಹುಡುಗ ಬಾಯಿ ಮುಚ್ಚಿದ. ಇಪ್ಪತ್ತು ಚಿತ್ರ, ಇಪ್ಪತ್ತು ಮೌನ. ತಜ್ಞರು ಪ್ರತಿಯೊಂದರ ಮುಂದೆ ‘ನೋ ರೆಸ್ಪಾನ್ಸ್’ ಎಂದು ಬರೆದು, ಕೆಳಗೆ ‘ಬುದ್ಧಿ ಮಂದ’ ಎಂದು ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಚಹಾ ಕುಡಿದು ಹೋದರು. ಕುದುರೆಯ ಕಾಲು ನೋಡಿ ಎರೆಹೊಲದ ಕೆಸರನ್ನು ನೆನೆಯುವ ಹುಡುಗ ಬುದ್ಧಿ ಮಂದ. ನಾನು ಆ ಫಾರ್ಮಿಗೆ ಪಿನ್ ಹಚ್ಚಿ ಫೈಲಿನಲ್ಲಿಟ್ಟೆ, ನೀಟಾಗಿ.

ಪ್ರತಿ ಗುರುವಾರ ಅವರ ಮನೆಗೆ ಹೋಗತೊಡಗಿದೆ. ‘ಕ’ ಅನ್ನಲು ನಾಲಿಗೆಯ ಹಿಂಭಾಗ ಮೇಲೇಳಬೇಕು. ಅದಕ್ಕಾಗಿ ತುದಿಯನ್ನು ಕಟ್ಟಿಗೆಯ ಪಟ್ಟಿಯಿಂದ ಒತ್ತಿ ಹಿಡಿಯುವುದು, ನೀರು ಮುಕ್ಕಳಿಸಿ ಗಂಟಲಲ್ಲಿ ಗಳಗಳ ಅನ್ನಿಸುವುದು, ಅಂಗಾತ ಮಲಗಿಸಿ ಹೇಳಿಸುವುದು. ಮಲಗಿದರೆ ನಾಲಿಗೆ ತಾನೇ ಹಿಂದಕ್ಕೆ ಜಾರುತ್ತದೆ. ಪಡಸಾಲೆಯಲ್ಲಿ ಮಲಗಿ ಜಂತಿ ನೋಡುತ್ತ ಬಸು ‘ಕಾ, ಕಾ, ಗಾ, ಗಾ’ ಎಂದು ಚೊಕ್ಕವಾಗಿ ಅನ್ನುತ್ತಿದ್ದ. ನಾನು ರಿಜಿಸ್ಟರಿನಲ್ಲಿ ‘ಪ್ರೋಗ್ರೆಸ್ ಎಕ್ಸಲೆಂಟ್’ ಎಂದು ಬರೆಯುತ್ತಿದ್ದೆ. ಎದ್ದು ಕೂತ ಕೂಡಲೇ ಮತ್ತೆ ‘ತಾ, ದಾ’. ಅದನ್ನು ಬರೆಯಲು ರಿಜಿಸ್ಟರಿನಲ್ಲಿ ಕಾಲಮ್ ಇರಲಿಲ್ಲ.

ಒಂದು ದಿನ ಗಂಗವ್ವ ಕೇಳಿದಳು, ‘ಅಕ್ಕಾರ, ಇವ ಯಾವಾಗ ಸುದ್ದ ಮಾತಾಡ್ತಾನ್ರಿ?’

ನಾನು ಕರಗಿಹೋದೆ. ‘ತಮ್ಮನ ಮ್ಯಾಲೆ ಎಷ್ಟು ಪ್ರೀತಿ ಪುಟ್ಟಿ ನಿನಗ’ ಎಂದೆ.

‘ಪ್ರೀತಿ ಅಲ್ರಿ’ ಎಂದಳು. ‘ಇವಗ ಅಪ್ಪನ ಹೆಸರು ಹೇಳಾಕ ಬರೂದಿಲ್ಲ ಅಂತ ಸಾಲ್ಯಾಗ ತಗೊಳ್ಳಿಲ್ರಿ. ಇವ ಮನ್ಯಾಗ ಅದಾನಂತ ನನ್ನೂ ಬಿಡಿಸಿದ್ರು. ಇವನ ಮಾತು ಮನ್ಯಾಗ ಯಾರಿಗೂ ತಿಳಿಯೂದಿಲ್ಲ, ನನಗಷ್ಟ. ನಾ ಮೂರನೇತ್ತ ಅರ್ಧಾ ಓದೇನ್ರಿ.’

ಎಂಟು ತಿಂಗಳಿಂದ ಆ ಮನೆಗೆ ಹೋಗುತ್ತಿದ್ದೆ. ಚಹಾದ ಬಟ್ಟಲು ತಂದುಕೊಡುವ ಹುಡುಗಿ ಸಾಲಿ ಬಿಟ್ಟು ಕೂತಿದ್ದಾಳೆಂದು ನನಗೆ ಅಂದೇ ಗೊತ್ತಾದದ್ದು. ಮನೆ ಆಳುತ್ತಿದ್ದವಳು ಅಜ್ಜಿ. ತಾಯಿ ಅಡಿಗೆಮನೆಯಿಂದ ಹೊರಗೆ ಬಂದದ್ದು ಕಡಿಮೆ. ತಂದೆ ಫಕೀರಗೌಡ ಬಾಗಿಲ ಬಳಿ ನಿಲ್ಲುವವನು, ಕಂಬದ ತಲೆಗೆ ಪಟಕಾ ಸುತ್ತಿದ ಹಾಗೆ. ಮಾತಿಲ್ಲ, ಕತೆಯಿಲ್ಲ. ಇಂಥ ಗಂಡಸರನ್ನು ಕಂಡರೆ ನನಗೆ ಮೈಯುರಿಯುತ್ತಿತ್ತು.

ಜೂನ್ ಹತ್ತಿರ ಬಂತು. ಸಾಲಿ ಶುರುವಾಗುವುದಕ್ಕೆ ಒಂದು ತಿಂಗಳಿದ್ದಾಗಿನ ಒಂದು ಗುರುವಾರ ಹೋದರೆ ಮನೆಯಲ್ಲಿ ಗಲಾಟೆ. ಅಜ್ಜಿ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು.

‘ಸೋಮಾರದಿಂದ ಈ ಹಡಬಿಟ್ಟಿಗೆ ತಮ್ಮನ ಮಾತು ತಿಳೀವಲ್ದಂತ್ರಿ. ಅವ ಅತ್ತು ಅತ್ತು ಸಾಕಾಗ್ಯಾನ. ಕಿವಿ ಹ್ವಾದ್ವೋ ಏನೋ, ನೋಡ್ರಿ.’

ಗಂಗವ್ವನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಮನೆಯವರೆಲ್ಲ ದೂರ ನಿಂತು ನೋಡುತ್ತಿದ್ದರು. ಹಿಂದೆ ನಿಂತು, ಟ್ರೇನಿಂಗಿನಲ್ಲಿ ಕಲಿಸಿದಂತೆ, ಪಿಸುಗುಟ್ಟಿದೆ. ‘ಗಂಗವ್ವ, ನನ್ನ ಮಾತು ಕೇಳಸ್ತದೇನು?’

ಅವಳು ತಿರುಗಲಿಲ್ಲ. ತಲೆ ಕೂಡ ಅಲುಗಿಸದೆ, ನನಗಷ್ಟೇ ಕೇಳುವಂತೆ, ‘ಕೇಳಸ್ತೈತ್ರಿ. ಹೇಳಬ್ಯಾಡ್ರಿ’ ಎಂದಳು.

ಆ ಕ್ಷಣಕ್ಕೆ ನನಗೆ ಹೊಳೆಯಿತು, ಎಂಟು ತಿಂಗಳಲ್ಲಿ ನನಗೂ ನನ್ನ ತಜ್ಞರಿಗೂ ಹೊಳೆಯದ್ದು. ಹುಡುಗ ಯಾಕಾದರೂ ಸ್ಪಷ್ಟವಾಗಿ ಮಾತಾಡಬೇಕು? ಮಗ್ಗಲಲ್ಲೇ ಒಂದು ಸ್ಪಷ್ಟವಾದ ಬಾಯಿ ಇದೆಯಲ್ಲ. ಗಂಗವ್ವ ಆ ಬಾಯಿಯನ್ನು ಬಂದ್ ಮಾಡಿದ್ದಳು. ನಾನು ಅಜ್ಜಿಯ ಕಡೆ ತಿರುಗಿ, ಆದಷ್ಟು ಗಂಭೀರವಾಗಿ, ‘ಕಿವಿಯೊಳಗ ಬ್ಲಾಕೇಜ್ ಆಗ್ಯದ. ತಾನಾಗೇ ಹೋಗ್ತದ. ಮೂರು ವಾರ ಬೇಕು’ ಎಂದೆ.

ಮುಂದಿನ ಮೂರು ವಾರ ಬಸು ತನ್ನ ಬಾಯಿಗೆ ತಾನೇ ಜವಾಬ್ದಾರ. ಅವನಿಗೆ ಅಟ್ಟದ ಮೇಲಿದ್ದ ಗಾಲಿ ಬೇಕಾಗಿತ್ತು. ‘ದಾಲಿ, ದಾಲಿ’ ಎಂದ. ಯಾರಿಗೂ ತಿಳಿಯಲಿಲ್ಲ. ಒಮ್ಮೆ ಅತ್ತ, ಒಮ್ಮೆ ಒದ್ದ. ಕೊನೆಗೆ ಅಂಗಳದ ನಡುವೆ, ಎತ್ತುಗಳ ಎದುರಿಗೆ ಅಂಗಾತ ಮಲಗಿ, ಆಕಾಶಕ್ಕೆ ‘ಗಾಲಿ’ ಎಂದ. ಎದ್ದು ಮೈಮೇಲಿನ ಮಣ್ಣು ಜಾಡಿಸಿಕೊಂಡು ಗಾಲಿ ಇಸಿದುಕೊಂಡು ಹೋದ. ಆ ಶಬ್ದ ಮಲಗಿದರೇ ಬರುವುದೆಂದು ತಿಳಿದುಕೊಂಡಿದ್ದ, ಪಾಪ. ಕಲಿಸಿದವಳು ನಾನಲ್ಲವೆ. ಕೆಲವು ದಿನ ‘ಗಂಗವ್ವ’ ಎಂದು ಕರೆಯಲಿಕ್ಕೂ ಹೊಸ್ತಿಲಲ್ಲಿ ಉರುಳುತ್ತಿದ್ದನಂತೆ. ಆಮೇಲೆ ಕೂತು, ಆಮೇಲೆ ನಿಂತು, ಬರೀ ಕತ್ತನ್ನು ಮೇಲಕ್ಕೆತ್ತಿ. ಸಾಲಿಗೆ ಸೇರಿಸುವ ದಿನ ಮಾಸ್ತರರು ತಂದೆಯ ಹೆಸರು ಕೇಳಿದರು. ಹುಡುಗ ಹಂಚಿನಲ್ಲಿ ಹಲ್ಲಿ ಹುಡುಕುವವನಂತೆ ಮೇಲೆ ನೋಡಿ, ‘ಫಕೀರಗೌಡ’ ಎಂದ. ಒಂದಕ್ಷರ ತಪ್ಪಿಲ್ಲ.

ಸಂಸ್ಥೆಯವರು ನನಗೆ ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ.

ಮರುದಿನ ಅಜ್ಜಿಯ ತೀರ್ಪು ಬಂತು. ‘ಇನ್ನ ಗಂಗವ್ವಗ ಏನ ಕೆಲಸ? ಹೊಲಕ್ಕ ಹೋಗ್ಲಿ, ಕಸಾ ತಗೀಲಿ.’ ಹುಡುಗಿ ಓಡುತ್ತ ಬಸ್‌ಸ್ಟ್ಯಾಂಡಿಗೆ ಬಂದು ನನಗೆ ಹೇಳಿದಳು. ಅಳಲಿಲ್ಲ. ‘ನಾ ತಪ್ಪ ಮಾಡಿದೆ ಏನ್ರಿ ಅಕ್ಕಾರ? ಕಿವಿ ಕೇಳಸ್ತೈತಿ ಅಂತ ಮೊದಲ ಹಂಗ ಇದ್ದಿದ್ರ ಮನ್ಯಾಗರ ಇರತಿದ್ದೆ’ ಎಂದು ಕೇಳಿದಳು, ಅಷ್ಟೆ.

ಆ ರಾತ್ರಿಯೇ ಸಂಸ್ಥೆಯ ಲೆಟರ್‌ಹೆಡ್ ತೆಗೆದು ನನ್ನ ಕಾನ್ವೆಂಟ್ ಇಂಗ್ಲಿಷನ್ನೆಲ್ಲ ಬಿಚ್ಚಿದೆ. ‘ಸಿಬ್ಲಿಂಗ್ ಮೀಡಿಯೇಟೆಡ್ ಆಡಿಟರಿ ಸ್ಟಿಮ್ಯುಲೇಷನ್’ ಎಂದೆ. ಹಾಗೆಂದರೇನೆಂದು ಈಗಲೂ ನನ್ನನ್ನು ಕೇಳಬೇಡಿ. ಕನ್ನಡದಲ್ಲಿ ಅದರ ಸಾರ ಇಷ್ಟು: ಅಕ್ಕ ಅದೇ ಸಾಲಿಯಲ್ಲಿ ಓದುತ್ತಿದ್ದರೆ ಮಾತ್ರ ತಮ್ಮನ ನಾಲಿಗೆ ಸುದ್ದ ಉಳಿಯುತ್ತದೆ, ಇಲ್ಲದಿದ್ದರೆ ಹಿಂದಿನಂತಾಗುತ್ತದೆ. ನೇರಳೆ ಶಾಯಿಯ ಸಿಕ್ಕಾ ಒತ್ತಿ, ಮರುದಿನ ಅವರೂರಿಗೆ ಹೋಗಿ ಫಕೀರಗೌಡನ ಕೈಗಿಟ್ಟೆ. ಅವನು ಮಡಿಚಿ ಪಟಕಾದೊಳಗೆ ಸಿಕ್ಕಿಸಿಕೊಂಡು ಹೋದ. ಸೋಮವಾರ ಗಂಗವ್ವ ಸಾಲಿಗೆ ಹೋದಳು.

ಪ್ರತಿ ಜೂನಿನಲ್ಲಿ ಅವನು ಅಣ್ಣಿಗೇರಿಯ ನಮ್ಮ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ‘ಆ ಚೀಟಿ ರೀ.’ ನಾನು ಹೊಸದು ಬರೆದು ಕೊಡುತ್ತಿದ್ದೆ. ಒಳಗೊಳಗೇ ನಗುತ್ತಿದ್ದೆ. ಈ ದಡ್ಡನಿಗೆ ಇಂಗ್ಲಿಷಿನಲ್ಲಿ ಏನು ಗೀಚಿ ಕೊಟ್ಟರೂ ವೇದವಾಕ್ಯ. ಊರಿಂದ ಬಂದ ನೆಂಟರ ಮುಂದೆಲ್ಲ ಈ ಕತೆಯನ್ನು, ಅವನ ನಿಲುವನ್ನು ಅಣಕಿಸಿ, ಹೇಳಿ ನಗಿಸಿದ್ದೂ ಉಂಟು.

ನಾಲ್ಕನೇ ವರ್ಷ ನಮಗೆ ವರ್ಗವಾಯಿತು. ಗಂಗವ್ವ ಐದನೇತ್ತ ಮುಗಿಸಿದ್ದಳು. ಚೀಟಿಗೆ ಬಂದವನಿಗೆ ನಾನು ಧಾರಾಳವಾಗಿ, ‘ಮ್ಯಾಟ್ರಿಕ್ ತನಕಾದ್ದು ಒಮ್ಮೆಲೇ ಬರದು ಕೊಟ್ಟುಬಿಡ್ತೇನಿ ಗೌಡ್ರ’ ಎಂದೆ.

‘ಬ್ಯಾಡ್ರಿ’ ಎಂದ ಫಕೀರಗೌಡ. ಆ ಮನುಷ್ಯ ಒಂದಕ್ಕಿಂತ ಹೆಚ್ಚು ವಾಕ್ಯ ಆಡಿದ್ದನ್ನು ನಾನು ಕೇಳಿದ್ದು ಅಂದೊಂದೇ ಸಲ. ‘ಈ ಸಲ ನಮ್ಮವ್ವ ಚೀಟಿ ಕೇಳಿಲ್ರಿ. ರೂಢಿ ಆತು ಆಕಿಗೆ. ನೀವು ಹೊಂಟೀರಿ ಅಂತ ಕೇಳಿ, ಹೇಳಿ ಹೋಗೂಣು ಅಂತ ಬಂದೆ. ಮೊದಲ್ನೇ ಚೀಟೀನ ಇಲ್ಲೇ ಅಡತಿ ಅಂಗಡಿ ಗುಮಾಸ್ತನ ಕಡೆ ಓದಿಸಿದೆ. ಅವ ಬಿದ್ದು ಬಿದ್ದು ನಕ್ಕಾ. ನನಗ ನಮ್ಮವ್ವನ ಮುಂದ ಇಡಾಕ ಒಂದು ಕಾಗದ ಬೇಕಾಗಿತ್ತ್ರಿ. ನೀವು ಕೊಟ್ರಿ.’

ಕೈಮುಗಿದು ಹೋದ. ನಾನು ಬಾಗಿಲಲ್ಲಿ ನಿಂತೇ ಇದ್ದೆ.

ಇಷ್ಟು ವರ್ಷ ಆ ಕತೆಯನ್ನು ನಾನು ಶಾಲಿನವರೆಗೆ, ಹೆಚ್ಚೆಂದರೆ ಸಿಕ್ಕಾದವರೆಗೆ ಹೇಳಿ ನಿಲ್ಲಿಸುತ್ತಿದ್ದೆ. ಇವತ್ತು ಮುಂದಿನದನ್ನೂ ಬರೆದಿದ್ದೇನೆ, ಒಂದು ಕಾರಣಕ್ಕೆ. ಆ ಮನೆಯ ಕೇಸ್‌ಶೀಟಿನಲ್ಲಿ ‘ಫಾದರ್’ ಎಂಬ ಸಾಲಿನ ಮುಂದೆ ನನ್ನ ಮುದ್ದಾದ ಕೈಬರಹದಲ್ಲಿ ‘ಅನ್‌ಕನ್ಸರ್ನ್ಡ್’, ಅಂದರೆ ಮಕ್ಕಳ ಗೊಡವೆಯೇ ಇಲ್ಲದವನು, ಎಂದು ಬರೆದಿದ್ದೆ. ಸಂಸ್ಥೆ ಮುಚ್ಚಿತು, ಫೈಲುಗಳು ರದ್ದಿಗೆ ಹೋದವು. ತಿದ್ದಲು ಆ ಹಾಳೆ ಎಲ್ಲೂ ಸಿಗುವುದಿಲ್ಲ. ಆದ್ದರಿಂದ ಆ ಪದವನ್ನು ಇಲ್ಲಿ ಹೊಡೆದುಹಾಕುತ್ತಿದ್ದೇನೆ.