ನೆರೆಮನೆಯ ಧಣಿಗಳು ಕಲಿತು ಬಂದ ವಿದ್ಯೆ

ಮೊನ್ನೆ ಮೆಲ್ಕಾರಿನ ಅಂಗಡಿಯಲ್ಲಿ ರಶೀದಿ ಬರೆಯುವವ ಹೊಸ ಕಾರ್ಬನ್ ಹಾಳೆ ಬಿಡಿಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ವಿಟ್ಲದ ನೆರೆಮನೆಯ ಧಣಿಗಳು ನೆನಪಾದರು. ಊರಿಗೆ ಬಂದು ಎಷ್ಟೋ ಕಾಲವಾದ ಮೇಲೂ ಅವರ ಪೆಟ್ಟಿಗೆಗಳಿಗೆ ಇದೇ ವಾಸನೆಯಿತ್ತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ನಾನು ಆಡುತ್ತೇನೆ. ಇಷ್ಟು ವರ್ಷ ಬಾಯಿ ಮುಚ್ಚಿ ಕೂತದ್ದು ಸಾಕು.

ಅವರು ದಕ್ಷಿಣ ಆಫ್ರಿಕಾದಲ್ಲಿದ್ದ ನಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಅಲ್ಲಿ ಬಿಳಿಯರ ಪೊಲೀಸರು ಕರಿಯರನ್ನೂ ನಮ್ಮವರನ್ನೂ ಹೇಗೆ ತುಳಿಯುತ್ತಾರೆಂದು ದೆಹಲಿಗೆ ಹೋಗುವ ವರದಿಗಳನ್ನು ಟೈಪ್ ಮಾಡುವುದೇ ಅವರ ಕೆಲಸ. ಐವತ್ತರ ದಶಕದಲ್ಲಿ ಆ ಕಚೇರಿ ಮುಚ್ಚಿದ ಮೇಲೆ ಊರಿಗೆ ಬಂದು, ಗೇಣಿಗೆ ಕೊಟ್ಟ ಗದ್ದೆಗಳನ್ನು ನೋಡಿಕೊಂಡಿದ್ದರು. ಸಂಜೆ ಜಗಲಿಯಲ್ಲಿ ಕೂತು ಅಲ್ಲಿಯ ಕಥೆ ಹೇಳುತ್ತಿದ್ದರು. ಭಾಷಣ ಮಾಡಬೇಕಾದವನನ್ನು ಸಭೆಯ ಹಿಂದಿನ ದಿನವೇ ಯಾವುದಾದರೂ ಸಣ್ಣ ನೆವದಲ್ಲಿ ಹಿಡಿದು ಹಾಕುತ್ತಾರಂತೆ. ಉಳಿದವರ ಮನೆಮನೆಗೆ ಹೋಗಿ, 'ಠಾಣೆಯಲ್ಲಿ ನಿನ್ನ ಹೆಸರು ಹೇಳಿದ್ದು ಅವನೇ' ಎನ್ನುತ್ತಾರಂತೆ... ಹೇಳುವಾಗ ಅವರ ಕಣ್ಣು ತುಂಬುತ್ತಿತ್ತು. ಆ ಕಣ್ಣೀರು ಸುಳ್ಳಲ್ಲ. ಇವತ್ತಿಗೂ ನನ್ನ ಮೈ ಉರಿಸುವುದು ಅದೇ. ನನ್ನ ಗಂಡ ಬಿಟ್ಟ ಬಾಯಿ ಬಿಟ್ಟಂತೆ ಕೇಳುತ್ತಿದ್ದರು.

ಗಂಡ ಶಾಲಾ ಮಾಸ್ತರು. ಧಣಿಗಳು ಒಕ್ಕಲುಗಳನ್ನು ಗದ್ದೆಯಿಂದ ಎಬ್ಬಿಸಲು ಹೊರಟಾಗ ಇವರೇ ಮುಂದೆ ನಿಂತು ಒಕ್ಕಲುಗಳ ಸಭೆ ಕರೆದರು. ಸಭೆಯ ಹಿಂದಿನ ಸಂಜೆ, ಸೈಕಲ್ಲಿಗೆ ದೀಪವಿಲ್ಲವೆಂದು ದಫೇದಾರ ಇವರನ್ನು ಠಾಣೆಗೆ ಒಯ್ದ. ಅದೇ ದಫೇದಾರ ಆ ವಾರ ಧಣಿಗಳ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಅವರು ಹೇಳುವುದಕ್ಕೆಲ್ಲ ತಲೆಯಾಡಿಸುತ್ತಿದ್ದುದನ್ನು ನಾನು ಬೇಲಿಯಾಚೆಯಿಂದ ಕಂಡಿದ್ದೆ. ಇವರನ್ನು ಬಿಟ್ಟದ್ದು ಸಭೆಯ ಹೊತ್ತು ಮೀರಿದ ಮೇಲೆ. ಅಷ್ಟರಲ್ಲಿ ಒಕ್ಕಲುಗಳ ಅಂಗಳಕ್ಕೆಲ್ಲ ಒಂದೇ ಸುದ್ದಿ ಮುಟ್ಟಿತ್ತು, ಮಾಸ್ತರು ಠಾಣೆಯಲ್ಲಿ ಎಲ್ಲರ ಹೆಸರು ಹೇಳಿದ್ದಾರೆ ಎಂದು. ಹೆದರಿದವರು ಒಬ್ಬೊಬ್ಬರಾಗಿ ಗದ್ದೆ ಬಿಟ್ಟುಕೊಟ್ಟರು.

ನಾನು ಸೀದಾ ಹೋಗಿ ಕೇಳಿದೆ. "ಧಣಿಗಳೇ, ನೀವು ಅತ್ತುಕೊಂಡು ಹೇಳಿದ್ದನ್ನೇ ಇಲ್ಲಿ ಮಾಡಿಸಿದ್ದಲ್ವಾ?"

ಅವರಿಗೆ ನಾಚಿಕೆಯಾಗಲಿಲ್ಲ, ನಿಜವಾಗಿಯೂ ಆಶ್ಚರ್ಯವಾಯಿತು. "ಎಂತ ಮಾತಾಡ್ತೀರಿ ಮಾರಾಯ್ತಿ? ಅಲ್ಲಿ ಬಿಳಿಯರು ಮಾಡಿದ್ದು ಅನ್ಯಾಯ. ಇದು ನನ್ನ ಗದ್ದೆ. ಅದಕ್ಕೂ ಇದಕ್ಕೂ ಎಂತ ಸಂಬಂಧ ಉಂಟು?"

ಗದ್ದೆ ಹೋದವರು ಗಂಡನ ಮುಖ ನೋಡುವುದನ್ನು ಬಿಟ್ಟರು. 'ನಾನು ಯಾರ ಹೆಸರನ್ನೂ ಹೇಳಿಲ್ಲ' ಎಂದು ಕಂಡಕಂಡವರಿಗೆ ವಿವರಿಸುವುದರಲ್ಲೇ ಇವರ ಉಳಿದ ಆಯುಷ್ಯ ಹೋಯಿತು. ತೀರಿಕೊಂಡಾಗ ಆ ಮನೆಗಳಿಂದ ಒಬ್ಬರೂ ಬರಲಿಲ್ಲ. ಧಣಿಗಳು ಬಂದರು, ಹಾರ ಹಿಡಿದುಕೊಂಡು. ನಾನು ಅದನ್ನು ಕಿತ್ತು ಅಂಗಳಕ್ಕೆ ಎಸೆದೆ.

ಈಗ ಧಣಿಗಳೂ ಇಲ್ಲ... ಕಳೆದ ತಿಂಗಳು ಪುತ್ತೂರಿನ ಬಸ್ಸಿಗೆ ಕಾಯುತ್ತಿದ್ದಾಗ ಆ ಒಕ್ಕಲುಗಳಲ್ಲಿ ಒಬ್ಬರ ಮಗಳು ಗುರುತು ಹಿಡಿದು ಮಾತಾಡಿಸಿದಳು. ಅವಳ ತಲೆಯೂ ಬೆಳ್ಳಗಾಗಿದೆ. ಮಕ್ಕಳ ಸುದ್ದಿ, ಮೊಮ್ಮಕ್ಕಳ ಸುದ್ದಿ ಎಲ್ಲ ಆದ ಮೇಲೆ ಮೆಲ್ಲಗೆ ಕೇಳಿದಳು.

"ಬೇಸರ ಮಾಡ್ಬೇಡಿ ಅಕ್ಕ. ನಿಮ್ಮವರು ನಮ್ಮ ಅಪ್ಪನ ಹೆಸರು ಯಾಕೆ ಹೇಳಿದ್ದು?"

"ಅವರು ಹೇಳಲಿಲ್ಲ" ಎಂದೆ.

ಹೌದೆಂಬಂತೆ ತಲೆಯಾಡಿಸಿದಳು. ಬಸ್ಸು ಬಂತು. ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಅವಳು ಹಿಂದೆ ಹೋಗಿ ಕೂತಳು.